ಅಂಗಳಕ್ಕೂ ಇದೆ ಇಂಗಾಲದ ಲೆಕ್ಕ

ಪುತ್ತಿಗೆ (ಮೂಡುಬಿದಿರೆ): ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಅಂಚಿನಲ್ಲಿ ನಾಲ್ಕು ಗಿಡ ನೆಟ್ಟರೆ ಪರಿಸರಕ್ಕೆ ಒಳಿತಾಯಿತೆಂಬ ಭಾವನೆ ಸಾಮಾನ್ಯ. ಆದರೆ ಆ ಗಿಡಗಳು ಬೇರೂರುವ ಮೊದಲೇ ಅಂಗಳದ ಪಾಲಿನ ಇಂಗಾಲದ ಡೈಆಕ್ಸೈಡ್ ವಾತಾವರಣ ಸೇರಿರುತ್ತದೆ.

ಸಾಮಗ್ರಿಗಳ ತಯಾರಿ, ಸಾಗಣೆ, ಅಳವಡಿಕೆ ಹಾಗೂ ದುರಸ್ತಿಯಲ್ಲಿ ಹೊರಬೀಳುವ ಈ ಅನಿಲದ ಒಟ್ಟು ಪ್ರಮಾಣವೇ ‘ಅಂತರ್ಗತ ಇಂಗಾಲ’. ಕಟ್ಟಡಗಳಿಗೆ ಅನ್ವಯವಾಗುತ್ತಿದ್ದ ಈ ಲೆಕ್ಕಾಚಾರ ಈಗ ಉದ್ಯಾನ, ಅಂಗಳಗಳ ವಿನ್ಯಾಸಕ್ಕೂ ವಿಸ್ತರಿಸಿದೆ. ಇದಕ್ಕೆಂದೇ ಅಮೆರಿಕದಲ್ಲಿ 2019ರಲ್ಲಿ ‘ಪಾತ್‌ಫೈಂಡರ್’ ಎಂಬ ಗಣನಾ ಸಾಧನ ಬಳಕೆಗೆ ಬಂತು.

ಅಳೆಯುವುದು ಹೇಗೆ?

ಪ್ರತಿ ಸಾಮಗ್ರಿಯ ತೂಕವನ್ನು, ಅದರ ಒಂದು ಕೆ.ಜಿ.ಗೆ ಹೊರಬೀಳುವ ಅನಿಲದ ಪ್ರಮಾಣದಿಂದ ಗುಣಿಸಿ ಕೂಡಿಸಬೇಕು. ಉದಾಹರಣೆಗೆ, 100 ಚದರ ಮೀಟರ್ ಅಂಗಳಕ್ಕೆ 6 ಸೆಂ.ಮೀ. ದಪ್ಪದ ಇಂಟರ್‌ಲಾಕ್ ಹಾಸಲು 6 ಘನ ಮೀಟರ್ ಕಾಂಕ್ರೀಟ್ ಬೇಕು. ಘನ ಮೀಟರಿಗೆ 350 ಕೆ.ಜಿ.ಯಂತೆ ಸಿಮೆಂಟ್ 2,100 ಕೆ.ಜಿ., ಅಂದರೆ 42 ಚೀಲ. ಮಿಶ್ರಣವಿಲ್ಲದ ಸಾದಾ ಸಿಮೆಂಟ್‌ಗೆ ಕೆ.ಜಿ.ಯೊಂದಕ್ಕೆ ಸುಮಾರು 0.9 ಕೆ.ಜಿ. ಅನಿಲವೆಂದರೆ, ಒಟ್ಟು 1.9 ಟನ್. ಬೆಳೆದ ಮರವೊಂದು ವರ್ಷಕ್ಕೆ ಸ್ಥೂಲವಾಗಿ 20 ಕೆ.ಜಿ. ಹೀರುತ್ತದೆಂದು ಹಿಡಿದರೂ, ಈ ಸಾಲ ತೀರಿಸಲು ಹತ್ತು ಮರಗಳಿಗೆ ಸುಮಾರು ಹತ್ತು ವರ್ಷ ಬೇಕು.

ಸಿಮೆಂಟ್ ಕುಲುಮೆಯಲ್ಲಿ ಇಂಧನವಷ್ಟೇ ಉರಿಯುವುದಿಲ್ಲ. ಕಾದ ಸುಣ್ಣದ ಕಲ್ಲಿನೊಳಗಿಂದಲೂ ಇದೇ ಅನಿಲ ಹೊರಬರುತ್ತದೆ. ಆದ್ದರಿಂದ ಇಂಧನ ಬದಲಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು.

ಕೆಂಪುಕಲ್ಲು ಪರಿಹಾರವೇ?

ಕರಾವಳಿಯ ಕೆಂಪುಕಲ್ಲಿಗೆ ಕುಲುಮೆ ಬೇಕಿಲ್ಲ. ನೆಲದಿಂದ ಕಡಿದ ಕಲ್ಲು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಯಂತ್ರದಿಂದ ಕಡಿಯುವ ಹಾಗೂ ಲಾರಿಯಲ್ಲಿ ಸಾಗಿಸುವ ಇಂಧನವೇ ಅದರ ಮುಖ್ಯ ವೆಚ್ಚ. ಬಾಳಿಕೆಗೆ ಮೂಡುಬಿದಿರೆಯ ಕೊಡಂಗಲ್ಲಿನಲ್ಲಿರುವ ಕೆಂಪುಕಲ್ಲಿನ ಪುರಾತನ ಜೈನ ಸಮಾಧಿಗಳೇ ಸಾಕ್ಷಿ.

ಆದರೆ ಕೋರೆಗಳಿಂದ ಗುಡ್ಡಗಳೂ ಕರಗುತ್ತವೆ. ಅಕ್ರಮ ಗಣಿಗಾರಿಕೆಯ ವಿರುದ್ಧ ಕ್ರಮ ಬಿಗಿಯಾದ 2025ರಲ್ಲಿ ಜಿಲ್ಲೆಯಲ್ಲಿ ಕೆಂಪುಕಲ್ಲಿನ ಅಭಾವ ತಲೆದೋರಿತ್ತು. ಹೀಗಾಗಿ ಒಂದು ಕಲ್ಲಿನ ಬದಲು ಮತ್ತೊಂದನ್ನು ಹಾಸುವುದಷ್ಟೇ ಉತ್ತರವಲ್ಲ.

ಹಾಸುವ ಜಾಗವನ್ನೇ ಕಿರಿದಾಗಿಸುವುದು ಮೊದಲ ಹೆಜ್ಜೆ. ಅಡಿಕೆ ಒಣಗಿಸಲು, ವಾಹನ ನಿಲ್ಲಿಸಲು ಬೇಕಾದಷ್ಟಕ್ಕೆ ಮಾತ್ರ ಹಾಸಿ, ಉಳಿದದ್ದನ್ನು ಮಣ್ಣಾಗಿ ಬಿಡಬಹುದು. ಮಳೆನೀರು ಇಂಗಿ ಬಾವಿಗೂ ಲಾಭ. ಕೆಡವಿದ ಹಳೆ ಮನೆಯ ಕಲ್ಲುಗಳನ್ನು ಮರುಬಳಸಿದರೆ ಹೊಸ ಕೋರೆಯ ಅಗತ್ಯ ತಗ್ಗುತ್ತದೆ. ಸಿಮೆಂಟ್ ಅನಿವಾರ್ಯವಾದಲ್ಲಿ ಹಾರುಬೂದಿ ಬೆರೆತದ್ದನ್ನು ಆರಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಅಂಗಳದಲ್ಲಿ ಈಗಾಗಲೇ ಇರುವ ಮಾವು, ಹಲಸನ್ನು ಉಳಿಸಿಕೊಳ್ಳುವುದಕ್ಕೆ ಖರ್ಚೇ ಇಲ್ಲ.