ನ್ಯಾಯಪೀಠಕ್ಕೆ ನೇಮಕ: ಅಮೆರಿಕದ ಪಕ್ಷಗಳ ಜಗ್ಗಾಟ

ಪೌರನೀತಿಯ ಪಾಠದಲ್ಲಿ ನಾವು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳೆಂದು ಸರಕಾರದ ಮೂರು ಅಂಗಗಳನ್ನು ಓದುತ್ತೇವೆ. ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಈ ಮೂರೂ ಒಂದೆಡೆ ಸೇರುವುದು ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ನೇಮಕದಲ್ಲಿ. ಅಧ್ಯಕ್ಷರು ಹೆಸರನ್ನು ಸೂಚಿಸಬೇಕು. ನೂರು ಸದಸ್ಯರ ಸೆನೆಟ್ ಸಭೆ ಒಪ್ಪಿಗೆ ಕೊಡಬೇಕು. ನಮ್ಮ ದೇಶದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು 65ನೆಯ ವಯಸ್ಸಿಗೆ ನಿವೃತ್ತರಾಗುತ್ತಾರೆ. ಅಲ್ಲಿ ವಯಸ್ಸಿನ ಮಿತಿಯೇ ಇಲ್ಲ. ಒಮ್ಮೆ ಪೀಠವೇರಿದವರು ಜೀವವಿರುವವರೆಗೂ ಕೂರಬಹುದು. ಇರುವುದು ಒಂಬತ್ತೇ ಸ್ಥಾನ. ಒಂದು ತೆರವಾದರೆ ಮುಂದಿನ ಎರಡು ಮೂರು ದಶಕಗಳ ತೀರ್ಪುಗಳ ದಿಕ್ಕೇ ಬದಲಾಗಬಹುದು. ರಿಪಬ್ಲಿಕನ್, ಡೆಮೊಕ್ರಾಟಿಕ್ ಪಕ್ಷಗಳೆರಡರ ಕಣ್ಣೂ ಅಲ್ಲಿ ನೆಟ್ಟಿರುವುದು ಅದಕ್ಕೇ.

ಹಿಂದೆ ಪರಿಸ್ಥಿತಿ ಇಷ್ಟು ಬಿಗಡಾಯಿಸಿರಲಿಲ್ಲ. ಸಂಪ್ರದಾಯವಾದಿಯೆಂದು ಎಲ್ಲರಿಗೂ ತಿಳಿದಿದ್ದ ಆಂಟನಿನ್ ಸ್ಕಾಲಿಯಾ ಅವರಿಗೆ 1986ರಲ್ಲಿ 98 ಮತಗಳು ಬಿದ್ದವು. ವಿರುದ್ಧ ಒಂದೂ ಇಲ್ಲ. ಉದಾರವಾದಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು 1993ರಲ್ಲಿ 96–3ರಿಂದ ಗೆದ್ದರು. ತೀರ್ಪುಗಳಲ್ಲಿ ಎದುರುಬದುರಾಗುತ್ತಿದ್ದ ಇವರಿಬ್ಬರೂ ಆಪ್ತ ಸ್ನೇಹಿತರು, ಜೊತೆಗೂಡಿ ಸಂಗೀತ ನಾಟಕ ನೋಡಲು ಹೋಗುತ್ತಿದ್ದವರು ಎಂಬುದು ನಮಗೆ ಬಹಳ ಹಿಡಿಸಿದ ಸಂಗತಿ.

ಬಿರುಕು ಎದ್ದು ಕಂಡದ್ದು 1987ರಲ್ಲಿ. ರಾಬರ್ಟ್ ಬೋರ್ಕ್ ಅವರ ವಿದ್ವತ್ತನ್ನು ಯಾರೂ ಅಲ್ಲಗಳೆಯಲಿಲ್ಲ. ಅವರ ಅಭಿಪ್ರಾಯಗಳನ್ನೇ ಹಿಡಿದು ವಾದ ನಡೆಯಿತು, 58–42ರಿಂದ ಸೆನೆಟ್ ನಿರಾಕರಿಸಿತು. 2016ರ ಫೆಬ್ರುವರಿಯಲ್ಲಿ ಸ್ಕಾಲಿಯಾ ತೀರಿಕೊಂಡಾಗ ಅಧ್ಯಕ್ಷ ಒಬಾಮಾ ಅವರು ಮೆರಿಕ್ ಗಾರ್ಲೆಂಡ್ ಹೆಸರನ್ನು ಸೂಚಿಸಿದರು. ಚುನಾವಣೆಯ ವರ್ಷ, ಜನರೇ ತೀರ್ಮಾನಿಸಲಿ ಎಂದು ರಿಪಬ್ಲಿಕನ್ನರ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. ಆದರೆ 2020ರ ಸೆಪ್ಟೆಂಬರಿನಲ್ಲಿ ಗಿನ್ಸ್‌ಬರ್ಗ್ ತೀರಿಕೊಂಡರು. ಚುನಾವಣೆಗೆ ಎಂಟು ದಿನವಿರುವಾಗ ಅದೇ ಪಕ್ಷ ಏಮಿ ಕೋನಿ ಬ್ಯಾರೆಟ್ ಅವರನ್ನು 52–48ರಿಂದ ನೇಮಿಸಿತು. ಈ ಬಾರಿ ಅಧ್ಯಕ್ಷರೂ ಸೆನೆಟ್ಟೂ ಒಂದೇ ಪಕ್ಷದವು ಎಂಬುದು ಅವರ ಸಮರ್ಥನೆ. ನಮಗದು ಅನುಕೂಲಶಾಸ್ತ್ರವೆಂದೇ ತೋರುತ್ತದೆ.

ತಪ್ಪು ಒಂದೇ ಕಡೆಯದಲ್ಲ. ಚರ್ಚೆ ಮುಗಿಸಿ ಮತಕ್ಕೆ ಹಾಕಲು 60 ಸದಸ್ಯರ ಒಪ್ಪಿಗೆ ಬೇಕೆಂಬ ನಿಯಮವೊಂದಿತ್ತು. ಎದುರು ಪಕ್ಷದ ಕೆಲವರನ್ನಾದರೂ ಒಲಿಸಿಕೊಳ್ಳದೆ ವಿಧಿಯಿರಲಿಲ್ಲ. 2013ರಲ್ಲಿ ಡೆಮೊಕ್ರಾಟರು ಕೆಳಗಿನ ನ್ಯಾಯಾಲಯಗಳ ನೇಮಕಕ್ಕೆ ಇದನ್ನು ಕೈಬಿಟ್ಟರು. 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ಕೈಬಿಟ್ಟರು. ಆಮೇಲೆ ಬರಿಯ ಬಹುಮತವೇ ಸಾಕಾಯಿತು: 2018ರಲ್ಲಿ ಕ್ಯಾವನಾ ಅವರಿಗೆ 50–48, 2022ರಲ್ಲಿ ಕೇಟಾಂಜಿ ಬ್ರೌನ್ ಜಾಕ್ಸನ್ ಅವರಿಗೆ 53–47.

ಗರ್ಭಪಾತದ ಹಕ್ಕನ್ನು ಎತ್ತಿಹಿಡಿದಿದ್ದ 1973ರ ತೀರ್ಪನ್ನು ಸುಪ್ರೀಂ ಕೋರ್ಟು 2022ರ ಜೂನ್‌ನಲ್ಲಿ ರದ್ದುಪಡಿಸಿತು. ರದ್ದುಪಡಿಸಿದ ಐವರಲ್ಲಿ ಮೂವರು 2017ರಿಂದ 2020ರೊಳಗೆ ಪೀಠವೇರಿದವರು.