ಹಳೆಯ ಎಲೆಕ್ಟ್ರಿಕ್ ಗಿಟಾರಿಗೆ ಎಷ್ಟು ಕೊಡಬೇಕು?

ಗಲ್ಫಿನಿಂದಲೋ ಹಡಗಿನ ಕೆಲಸದಿಂದಲೋ ಮರಳಿದವರ ಸಾಮಾನಿನ ಜೊತೆ ಒಂದು ಎಲೆಕ್ಟ್ರಿಕ್ ಗಿಟಾರ್ ಬರುವುದು ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಮನೆಗಳಲ್ಲಿ ಹೊಸತೇನಲ್ಲ. ಒಂದೆರಡು ವರ್ಷ ನುಡಿಸಿದ ಮೇಲೆ ಅದು ಅಟ್ಟ ಸೇರುತ್ತದೆ. ಅತ್ತ ಗಾಯನ ಮಂಡಳಿಯಲ್ಲಿ ಪೆಟ್ಟಿಗೆ ಗಿಟಾರ್ ಕಲಿತ ಮಕ್ಕಳು ಎಲೆಕ್ಟ್ರಿಕ್ ಬೇಕೆಂದು ಹಟ ಹಿಡಿಯುತ್ತಾರೆ. ಕೊಡುವವರೂ ಕೊಳ್ಳುವವರೂ ಒಂದೇ ವಾರ್ಡಿನವರಾದರೆ ದುಡ್ಡಿನ ಮಾತೆತ್ತಲು ಇಬ್ಬರಿಗೂ ಸಂಕೋಚ. "ನಿಮಗೆ ಸರಿ ಕಂಡದ್ದು ಕೊಡಿ" ಎಂದು ಮುಗಿದ ವ್ಯಾಪಾರ ಆರು ತಿಂಗಳೊಳಗೆ ಎರಡು ಮನೆಗಳ ಮಾತು ಬಿಡಿಸಿದ್ದನ್ನು ನೋಡಿದ್ದೇನೆ. ಆದುದರಿಂದ ಲೆಕ್ಕವನ್ನು ಮೊದಲೇ ಬಾಯಿಬಿಟ್ಟು ಮಾಡಿಕೊಳ್ಳುವುದು ಒಳ್ಳೆಯದು.

ಮಾರುವವರು ಸಾಮಾನ್ಯವಾಗಿ ತಾವು ಕೊಟ್ಟ ದಿರಹಮಿನಿಂದ ಲೆಕ್ಕ ಶುರು ಮಾಡುತ್ತಾರೆ. ಅದು ಅವರ ನೆನಪಿನ ಬೆಲೆ. ನ್ಯಾಯವಾದ ಲೆಕ್ಕ ಶುರುವಾಗಬೇಕಾದದ್ದು ಅದೇ ಮಾದರಿಯ ಹೊಸ ಗಿಟಾರಿಗೆ ಇಂದು ಅಂಗಡಿಯಲ್ಲಿ ನಿಜವಾಗಿ ಏನು ದರ ಇದೆ ಎಂಬುದರಿಂದ. ಮಂಗಳೂರಿನ ಅಂಗಡಿಗೆ ಒಂದು ಫೋನ್ ಮಾಡಿದರೆ ತಿಳಿಯುತ್ತದೆ. ಸುಸ್ಥಿತಿಯಲ್ಲಿರುವ ಸಾಧಾರಣ ಗಿಟಾರಿಗೆ ಆ ದರದ ಅರ್ಧದಿಂದ ಮೂರನೇ ಎರಡು ಪಾಲಿನವರೆಗೆ ಕೊಡುವುದು ವಾಡಿಕೆ. ಹೊಸದಕ್ಕೆ 20,000 ರೂಪಾಯಿ ಎಂದಿಟ್ಟುಕೊಂಡರೆ ಹಳೆಯದಕ್ಕೆ 10,000ದಿಂದ 13,000. ಅದರಲ್ಲಿ ರಿಪೇರಿಯ ಖರ್ಚನ್ನು ಕಳೆಯಬೇಕು.

ಮಾದರಿ ಯಾವುದೆಂಬುದರಲ್ಲೇ ಹೆಚ್ಚಿನ ಎಡವಟ್ಟು ಆಗುವುದು. ಫೆಂಡರ್ ಕಂಪನಿಯದೇ ಅಗ್ಗದ ಹೆಸರು ಸ್ಕ್ವಾಯರ್, ಗಿಬ್ಸನ್ ಕಂಪನಿಯದು ಎಪಿಫೋನ್. ನೋಡಲು ಅಣ್ಣ ತಮ್ಮಂದಿರಂತೆ. ಬೆಲೆಯಲ್ಲಿ ಹಲವು ಪಟ್ಟು ಅಂತರ. "ಇದೂ ಫೆಂಡರ್‌ನದೇ" ಎನ್ನುವವರು ಸುಳ್ಳು ಹೇಳುತ್ತಿಲ್ಲ, ಪೂರ್ತಿ ಸತ್ಯವನ್ನೂ ಹೇಳುತ್ತಿಲ್ಲ. ತಲೆಯ ಮೇಲಿನ ಹೆಸರನ್ನೂ ಸೀರಿಯಲ್ ನಂಬರನ್ನೂ ಬರೆದುಕೊಳ್ಳಿ. ಎಂ.ಎಕ್ಸ್. ಅಥವಾ ಎಂ.ಝಡ್. ಎಂದು ಶುರುವಾಗುವ ಫೆಂಡರ್ ಮೆಕ್ಸಿಕೋದ್ದು, ಐ.ಸಿ.ಎಸ್. ಎಂದು ಶುರುವಾಗುವ ಸ್ಕ್ವಾಯರ್ ಇಂಡೋನೇಷ್ಯಾದ್ದು. ದೊಡ್ಡ ಹೆಸರು ಅಂಟಿಸಿದ ನಕಲಿಗಳೂ ಇರುವುದರಿಂದ ನಂಬರೊಂದನ್ನೇ ನಂಬಬೇಡಿ, ಬಲ್ಲವರಿಗೆ ತೋರಿಸಿ.

ಇನ್ನು ಗಿಟಾರನ್ನು ಕೈಗೆತ್ತಿಕೊಳ್ಳಿ. ಬಣ್ಣ ಹೋಗಿದ್ದರೆ, ತಂತಿ ತುಕ್ಕು ಹಿಡಿದಿದ್ದರೆ ಚಿಂತೆಯಿಲ್ಲ. ನಮ್ಮ ಮಳೆಗಾಲದಲ್ಲಿ ಯಾವ ತಂತಿ ತಾನೇ ಉಳಿಯುತ್ತದೆ? ನೋಡಬೇಕಾದದ್ದು ಕತ್ತು. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ, ಕತ್ತು ಒಡಲಿಗೆ ಸೇರುವಲ್ಲಿ ಇನ್ನೊಂದು ಕೈಯಿಂದ ಒತ್ತಿ ಹಿಡಿಯಿರಿ. ಏಳು ಎಂಟನೇ ಫ್ರೆಟ್ ಬಳಿ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇದ್ದರೆ ಸರಿ. ಹೆಚ್ಚು ಬಾಗಿದ್ದರೆ ಕತ್ತಿನೊಳಗಿನ ಉಕ್ಕಿನ ಸರಳನ್ನು ಕೀಲಿ ಹಾಕಿ ತಿರುಗಿಸಿ ಸರಿಪಡಿಸುತ್ತಾರೆ. ಇದು ಸಣ್ಣ ಕೆಲಸ. ಆದರೆ ಆ ಸರಳು ಕಚ್ಚಿಕೊಂಡು ತಿರುಗದಿದ್ದರೆ, ಅಥವಾ ಕತ್ತು ಹಗ್ಗದಂತೆ ತಿರುಚಿಕೊಂಡಿದ್ದರೆ, ಅಗ್ಗವೆಂದು ಆಸೆಪಡದೆ ಎದ್ದು ಬನ್ನಿ. ಅಂಥ ಗಿಟಾರಿನಲ್ಲಿ ಕಲಿಯುವ ಮಗು ಬೆರಳು ನೋಯಿಸಿಕೊಂಡು, ತನಗೇ ಸಂಗೀತ ಬರುವುದಿಲ್ಲವೆಂದು ತಿಳಿದು ಬಿಟ್ಟುಬಿಡುತ್ತದೆ.

ತಲೆ ಕತ್ತಿಗೆ ಸೇರುವ ಜಾಗದ ಹಿಂಬದಿಯಲ್ಲಿ ಗೆರೆ ಇದೆಯೇ ನೋಡಿ. ಗಿಬ್ಸನ್ ಮಾದರಿಯ ಗಿಟಾರುಗಳ ತಲೆ ಹಿಂದಕ್ಕೆ ವಾಲಿರುವುದರಿಂದ ಬಿದ್ದಾಗ ಅಲ್ಲೇ ಮುರಿಯುತ್ತದೆ. ಚೆನ್ನಾಗಿ ಅಂಟಿಸಿದರೆ ನುಡಿಸಲು ತೊಂದರೆಯಿಲ್ಲ. ಬೆಲೆ ಮಾತ್ರ ಬಹಳ ಇಳಿಯುತ್ತದೆ. ಫ್ರೆಟ್‌ಗಳಲ್ಲಿ ತಂತಿಯ ಗುಳಿ ಆಳವಾಗಿ ಬಿದ್ದಿದ್ದರೆ ಅವನ್ನು ಬದಲಿಸುವ ಕೂಲಿ ಅಗ್ಗದ ಗಿಟಾರಿನ ಬೆಲೆಯನ್ನೇ ಮುಟ್ಟೀತು. ಬಳಿಕ ಆಂಪ್ಲಿಫಯರಿಗೆ ಜೋಡಿಸಿ ಪ್ರತಿ ಗುಂಡಿಯನ್ನೂ ತಿರುಗಿಸಿ. ಕರಕರ ಎಂದರೆ ಬಹುಮಟ್ಟಿಗೆ ಧೂಳು, ಸ್ಪ್ರೇ ಹೊಡೆದರೆ ಹೋಗುತ್ತದೆ. ಇದನ್ನೇ ದೊಡ್ಡದು ಮಾಡಿ ಎರಡು ಸಾವಿರ ಇಳಿಸುವ ಕೊಳ್ಳುವವರಿದ್ದಾರೆ. ಅದು ಚೌಕಾಸಿಯಲ್ಲ, ಹೆದರಿಸುವುದು.

ಆಂಪ್ಲಿಫಯರ್ ಜೊತೆಗೇ ಕೊಡುತ್ತಾರಾದರೆ ಹಿಂಬದಿಯ ಚೀಟಿ ಓದಿ. ಹಡಗಿನವರು ಅಮೆರಿಕದ ಬಂದರಿನಲ್ಲಿ ಕೊಂಡದ್ದು 120 ವೋಲ್ಟಿನದಾಗಿರಬಹುದು. ನಮ್ಮ 230 ವೋಲ್ಟಿಗೆ ನೇರ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಟ್ರಾನ್ಸ್‌ಫಾರ್ಮರಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ.

"ಹಳೆಯದಾದಷ್ಟೂ ಬೆಲೆ ಜಾಸ್ತಿ" ಎಂಬ ಮಾತು ಕೇಳುತ್ತೀರಿ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕ್ಯಾಸ್ಟರ್ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 39,75,000 ಡಾಲರಿಗೆ ಹೋಯಿತು. ಅದು ನುಡಿಸಿದ ಕೈಯ ಬೆಲೆ. ನಮ್ಮ ಅಟ್ಟದ ಹದಿನೈದು ವರ್ಷದ ಗಿಟಾರ್ ಬರೀ ಹಳೆಯದು.

ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲೇ ಕೊಡುಕೊಳ್ಳುವಿಕೆಯ ನ್ಯಾಯವನ್ನು ಬಿಡಿಸಿ ಬರೆದಿದ್ದಾರೆ. ವಸ್ತುವಿನ ಗುಪ್ತ ದೋಷವನ್ನು ಮಾರುವವನು ತಾನಾಗಿ ಹೇಳಬೇಕು. ಕೊಳ್ಳುವವನಿಗೆ ತುರ್ತಿದೆ ಎಂಬ ಒಂದೇ ಕಾರಣಕ್ಕೆ ದರ ಏರಿಸಬಾರದು. ಆದರೆ ಅದನ್ನು ಬಿಟ್ಟುಕೊಡುವುದರಿಂದ ತನಗೇ ನಷ್ಟವಾಗುವುದಾದರೆ ಆ ನಷ್ಟವನ್ನು ಸೇರಿಸಿಕೊಳ್ಳಬಹುದು. ಇವೆರಡು ಹಲವರಿಗೆ ಗೊತ್ತು. ಮೂರನೆಯದನ್ನು ಯಾರೂ ನೆನೆಯುವುದಿಲ್ಲ: ಮಾರುವವನು ಚಿನ್ನವನ್ನು ತಾಮ್ರವೆಂದು ತಿಳಿದು ಕೊಡುತ್ತಿದ್ದರೆ, ಗೊತ್ತಿದ್ದೂ ಸುಮ್ಮನೆ ಕೊಂಡವನು ಅನ್ಯಾಯ ಮಾಡಿದವನು, ಅವನು ಅದನ್ನು ತುಂಬಿಕೊಡಬೇಕು.

ಮಗ ಪರದೇಶದಲ್ಲಿ ನೆಲೆಸಿದ್ದಾನೆ, ತಾಯಿ ಅಟ್ಟ ಖಾಲಿ ಮಾಡುತ್ತಿದ್ದಾರೆ. "ಎರಡು ಸಾವಿರ ಕೊಟ್ಟು ತೆಗೆದುಕೊಂಡು ಹೋಗು ಮಗಾ" ಎನ್ನುತ್ತಾರೆ. ಪೆಟ್ಟಿಗೆ ತೆರೆದ ಹುಡುಗನಿಗೆ ಅದು ಮೆಕ್ಸಿಕೋದ ಅಸಲಿ ಫೆಂಡರ್ ಎಂದು ಕಾಣುತ್ತದೆ. ಆಗ ಅವನು ತಲೆಯ, ನಂಬರಿನ ಫೋಟೋ ತೆಗೆದು "ಆಂಟಿ, ಇದು ಬೆಲೆಬಾಳುವಂಥದ್ದು, ಮೊದಲು ನಿಮ್ಮ ಮಗನಿಗೆ ಕಳುಹಿಸಿ ಕೇಳಿ" ಎನ್ನಬೇಕು. ದರ ಏರಬಹುದು, ಗಿಟಾರ್ ಕೈತಪ್ಪಲೂಬಹುದು. ಕಂತಿನಲ್ಲಿ ಕೊಡುತ್ತೇನೆಂದು ಕೇಳಲು ಅಡ್ಡಿಯೇನಿಲ್ಲ.