ತಾಜಾ ತರಕಾರಿ ಸಿಗದ ಬಡಾವಣೆಗಳು: ಅಮೆರಿಕದ ಸರ್ಕಾರಿ ಅನುದಾನಗಳು ಹೇಗೆ ಕೆಲಸ ಮಾಡುತ್ತವೆ?

ಬೆಳಗಾದರೆ ಸೊಪ್ಪಿನವರ ಕೂಗು ಕೇಳಿಸುವ ಬೀದಿಯಲ್ಲಿ ಬೆಳೆದವರಿಗೆ, ತರಕಾರಿ ಸಿಗದ ಊರು ಎಂದರೆ ಬರಗಾಲದ ಊರೇ ಇರಬೇಕು ಎನಿಸುತ್ತದೆ. ಆದರೆ ಅಮೆರಿಕದಂಥ ಶ್ರೀಮಂತ ದೇಶದ ದೊಡ್ಡ ನಗರಗಳಲ್ಲಿಯೇ ಇಂತಹ ಬಡಾವಣೆಗಳಿವೆ. ಬೀದಿಯ ಮೂಲೆಯಲ್ಲಿ ಅಂಗಡಿಯೇನೋ ಇರುತ್ತದೆ; ಅಲ್ಲಿ ಸಿಗುವುದು ಚಿಪ್ಸ್, ತಂಪು ಪಾನೀಯ, ಸಿಗರೇಟು ಮತ್ತು ಡಬ್ಬಿಯ ಆಹಾರ. ಒಂದು ಕಟ್ಟು ಪಾಲಕ್, ನಾಲ್ಕು ಟೊಮೆಟೊ ಬೇಕಾದರೆ ಬಸ್ಸು ಹತ್ತಬೇಕು. ಕಾರಿಲ್ಲದ ವೃದ್ಧರಿಗೆ, ಕೈಗೂಸಿರುವ ತಾಯಂದಿರಿಗೆ ಇದು ದಿನನಿತ್ಯದ ಕಷ್ಟ. ಈ ಕೊರತೆಯನ್ನು ನೀಗಿಸಲು ಅಲ್ಲಿನ ಸರ್ಕಾರಗಳು ಎರಡು ದಶಕಗಳಿಂದ ಅನುದಾನ ನೀಡುತ್ತಿವೆ. ಅವುಗಳ ಸ್ವರೂಪ ಮತ್ತು ಫಲಿತಾಂಶದ ಪರಿಚಯ ಇಲ್ಲಿದೆ.

ಕೊರತೆಯ ಪ್ರದೇಶ ಎಂದರೆ ಯಾವುದು?

ಅಮೆರಿಕದ ಕೃಷಿ ಇಲಾಖೆ ಇದಕ್ಕೆ ಎರಡು ಅಳತೆಗಳನ್ನು ಇಟ್ಟುಕೊಂಡಿದೆ. ಮೊದಲನೆಯದು ಆದಾಯ: ಪ್ರದೇಶದ ಬಡತನದ ಪ್ರಮಾಣ ಶೇ. 20 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೇ ಕುಟುಂಬಗಳ ಮಧ್ಯಮ ಆದಾಯವು ಸುತ್ತಲಿನ ನಗರದ ಅಥವಾ ರಾಜ್ಯದ ಮಧ್ಯಮ ಆದಾಯದ ಶೇ. 80ನ್ನು ಮೀರಿರಬಾರದು. ಎರಡನೆಯದು ದೂರ: ಕನಿಷ್ಠ 500 ಜನ ಅಥವಾ ಜನಸಂಖ್ಯೆಯ ಮೂರನೇ ಒಂದು ಭಾಗ ದೊಡ್ಡ ದಿನಸಿ ಅಂಗಡಿಯಿಂದ ದೂರದಲ್ಲಿ ವಾಸಿಸುತ್ತಿರಬೇಕು. ನಗರದಲ್ಲಿ ಈ ದೂರ 1 ಮೈಲಿ, ಹಳ್ಳಿಗಾಡಿನಲ್ಲಿ 10 ಮೈಲಿ. ಈ ಲೆಕ್ಕದ ನಕ್ಷೆಯನ್ನು ಇಲಾಖೆ ಸಾರ್ವಜನಿಕರಿಗೆ ಮುಕ್ತವಾಗಿಟ್ಟಿದೆ.

ಅಂಗಡಿಗಳು ಏಕೆ ಬರುವುದಿಲ್ಲ?

ದಿನಸಿ ವ್ಯಾಪಾರದಲ್ಲಿ ನೂರು ಡಾಲರ್ ಮಾರಿದರೆ ಉಳಿಯುವ ಲಾಭ ಸಾಮಾನ್ಯವಾಗಿ ಒಂದರಿಂದ ಮೂರು ಡಾಲರ್ ಮಾತ್ರ. ತರಕಾರಿ, ಹಣ್ಣುಗಳು ಬೇಗ ಕೆಡುತ್ತವೆ. ಶೈತ್ಯ ಪೆಟ್ಟಿಗೆಗಳು ದುಬಾರಿ, ವಿದ್ಯುತ್ ಬಿಲ್ಲೂ ಹೆಚ್ಚು. ಹಳೆಯ ಬಡಾವಣೆಯ ಕಟ್ಟಡವನ್ನು ದುರಸ್ತಿ ಮಾಡಲು ಬ್ಯಾಂಕುಗಳು ಸುಲಭವಾಗಿ ಸಾಲ ಕೊಡುವುದಿಲ್ಲ. ಹೀಗಾಗಿ ಅಂಗಡಿ ತೆರೆಯುವ ಮನಸ್ಸಿದ್ದವರೂ ಹಿಂಜರಿಯುತ್ತಾರೆ. ಅನುದಾನದ ಮುಖ್ಯ ಕೆಲಸ ಈ ಆರಂಭದ ಹೊರೆಯನ್ನು ಇಳಿಸುವುದು.

ಪೆನ್ಸಿಲ್ವೇನಿಯ ತೋರಿದ ದಾರಿ

ಫಿಲಡೆಲ್ಫಿಯದ ‘ದಿ ಫುಡ್ ಟ್ರಸ್ಟ್’ ಸಂಸ್ಥೆ 2001ರಲ್ಲಿ ಒಂದು ವರದಿ ಪ್ರಕಟಿಸಿತು. ನಗರದಲ್ಲಿ ದಿನಸಿ ಅಂಗಡಿಗಳು ಎಲ್ಲಿ ಕಡಿಮೆ, ಬಡತನ ಎಲ್ಲಿ ಹೆಚ್ಚು, ಆಹಾರ ಸಂಬಂಧಿ ಕಾಯಿಲೆಗಳಿಂದ ಸಾವು ಎಲ್ಲಿ ಹೆಚ್ಚು ಎಂಬುದನ್ನು ಅದು ನಕ್ಷೆಗಳ ಮೂಲಕ ತೋರಿಸಿತು. ಆಗ ರಾಜ್ಯ ಶಾಸಕರಾಗಿದ್ದ ಡ್ವೈಟ್ ಇವಾನ್ಸ್ ಈ ವಿಷಯವನ್ನು ಕೈಗೆತ್ತಿಕೊಂಡರು. 2004ರಲ್ಲಿ ‘ಫ್ರೆಶ್ ಫುಡ್ ಫೈನಾನ್ಸಿಂಗ್ ಇನಿಶಿಯೇಟಿವ್’ ಆರಂಭವಾಯಿತು.

ರಾಜ್ಯ ಸರ್ಕಾರ ಕೊಟ್ಟದ್ದು 3 ಕೋಟಿ ಡಾಲರ್. ಅದನ್ನು ಮೂಲಧನವಾಗಿಟ್ಟು ‘ರೀಇನ್ವೆಸ್ಟ್‌ಮೆಂಟ್ ಫಂಡ್’ ಎಂಬ ಹಣಕಾಸು ಸಂಸ್ಥೆ ಖಾಸಗಿ ಬಂಡವಾಳವನ್ನೂ ಸೇರಿಸಿತು. 2010ರ ಹೊತ್ತಿಗೆ 88 ಯೋಜನೆಗಳಿಗೆ ಒಪ್ಪಿಗೆ ಸಿಕ್ಕಿತ್ತು. ಇದರಲ್ಲಿ ಸುಮಾರು 7.3 ಕೋಟಿ ಡಾಲರ್ ಸಾಲದ ರೂಪದಲ್ಲಿ, 1.2 ಕೋಟಿ ಡಾಲರ್ ಅನುದಾನದ ರೂಪದಲ್ಲಿ ಹಂಚಿಕೆಯಾಯಿತು. ಇಲ್ಲಿ ಗಮನಿಸಬೇಕಾದ ಅಂಶವಿದು: ಹೆಚ್ಚಿನ ಹಣ ಮರಳಿ ಬರುವ ಸಾಲವೇ. ಬ್ಯಾಂಕು ಕೊಡಲೊಲ್ಲದ ಕಡೆಗೆ ಮಾತ್ರ ಅನುದಾನ ಹೋಯಿತು.

ಈ ಮಾದರಿಯನ್ನೇ ಅನುಸರಿಸಿ 2010ರಲ್ಲಿ ಕೇಂದ್ರ ಸರ್ಕಾರ ‘ಹೆಲ್ದಿ ಫುಡ್ ಫೈನಾನ್ಸಿಂಗ್ ಇನಿಶಿಯೇಟಿವ್’ ಆರಂಭಿಸಿತು. 2014ರ ಕೃಷಿ ಮಸೂದೆ ಇದಕ್ಕೆ ಕೃಷಿ ಇಲಾಖೆಯಲ್ಲಿ ಶಾಶ್ವತ ನೆಲೆ ಕೊಟ್ಟು, 12.5 ಕೋಟಿ ಡಾಲರ್‌ವರೆಗೆ ಅವಕಾಶ ಕಲ್ಪಿಸಿತು. ನೆರವು ಪಡೆಯುವ ಅಂಗಡಿ ‘ಸ್ನ್ಯಾಪ್’ ಕಾರ್ಡನ್ನು, ಅಂದರೆ ಬಡ ಕುಟುಂಬಗಳ ಆಹಾರ ಸಹಾಯಧನವನ್ನು, ಸ್ವೀಕರಿಸಬೇಕು ಎಂಬುದು ಇದರ ಮುಖ್ಯ ಷರತ್ತು.

ಕೊಳ್ಳುವವರ ಕೈಗೆ ನೆರವು

ಅಂಗಡಿ ಬಂದರೂ ಕೊಳ್ಳಲು ಹಣವಿರಬೇಕಲ್ಲವೇ? ಎರಡನೇ ಬಗೆಯ ಅನುದಾನ ಇದನ್ನು ನೋಡಿಕೊಳ್ಳುತ್ತದೆ. 2009ರಲ್ಲಿ ಡೆಟ್ರಾಯಿಟ್ ನಗರದ ಐದು ರೈತ ಸಂತೆಗಳಲ್ಲಿ ‘ಡಬಲ್ ಅಪ್ ಫುಡ್ ಬಕ್ಸ್’ ಆರಂಭವಾಯಿತು. ಸ್ನ್ಯಾಪ್ ಕಾರ್ಡಿನಿಂದ ಒಂದು ಡಾಲರ್ ಖರ್ಚು ಮಾಡಿದರೆ, ಹಣ್ಣು ತರಕಾರಿಗೆಂದೇ ಇನ್ನೊಂದು ಡಾಲರ್ ಸಿಗುತ್ತದೆ. ಗಿರಾಕಿಗೆ ಎರಡರಷ್ಟು ತರಕಾರಿ, ರೈತನಿಗೆ ಎರಡರಷ್ಟು ವ್ಯಾಪಾರ.

2014ರ ಮಸೂದೆ ಇಂತಹ ಯೋಜನೆಗಳಿಗೆ ಐದು ವರ್ಷಕ್ಕೆ 10 ಕೋಟಿ ಡಾಲರ್ ಇಟ್ಟಿತು. 2018ರ ಮಸೂದೆ ಅದನ್ನು 25 ಕೋಟಿಗೆ ಏರಿಸಿ, ಕೃಷಿ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ದಿವಂಗತ ಗಸ್ ಶೂಮಾಕರ್ ಅವರ ಹೆಸರನ್ನು ಇಟ್ಟಿತು. ಮಧುಮೇಹದಂತಹ ಕಾಯಿಲೆಯ ಅಪಾಯವಿರುವವರಿಗೆ ವೈದ್ಯರು ಔಷಧಿಯಂತೆಯೇ ತರಕಾರಿ ಚೀಟಿ ಬರೆದುಕೊಡುವ ವ್ಯವಸ್ಥೆಯೂ ಈಗ ಇದರಲ್ಲಿ ಸೇರಿದೆ.

ಫಲಿತಾಂಶ ಏನು ಹೇಳುತ್ತದೆ?

ಹಣ ಖರ್ಚಾದ ಮಾತ್ರಕ್ಕೆ ತಟ್ಟೆಗೆ ತರಕಾರಿ ಬರುವುದಿಲ್ಲ. ಫಿಲಡೆಲ್ಫಿಯದಲ್ಲಿ ಈ ಯೋಜನೆಯಡಿ ತೆರೆದ ಒಂದು ಅಂಗಡಿಯ ಸುತ್ತಲಿನ ನಿವಾಸಿಗಳನ್ನು ಸಂಶೋಧಕರು ಅಧ್ಯಯನ ಮಾಡಿ 2014ರಲ್ಲಿ ವರದಿ ಮಾಡಿದರು. ಆಹಾರ ಹತ್ತಿರದಲ್ಲೇ ಸಿಗುತ್ತದೆ ಎಂಬ ಭಾವನೆ ಜನರಲ್ಲಿ ಹೆಚ್ಚಿತ್ತು. ಆದರೆ ಆ ಅಂಗಡಿಯನ್ನು ತಮ್ಮ ಮುಖ್ಯ ಅಂಗಡಿಯಾಗಿ ಮಾಡಿಕೊಂಡವರು ಸುಮಾರು ನಾಲ್ಕನೇ ಒಂದು ಭಾಗ ಮಾತ್ರ. ಹಣ್ಣು ತರಕಾರಿ ತಿನ್ನುವ ಪ್ರಮಾಣದಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ದೊಡ್ಡ ಅಧ್ಯಯನವೊಂದರ ಪ್ರಕಾರ, ಬಡವರು ಮತ್ತು ಶ್ರೀಮಂತರ ಆಹಾರದ ಗುಣಮಟ್ಟದ ಅಂತರದಲ್ಲಿ ಅಂಗಡಿಯ ಲಭ್ಯತೆಯ ಪಾಲು ಶೇ. 10ರಷ್ಟು ಮಾತ್ರ.

ಬೆಲೆ ಇಳಿಸಿದಾಗ ಫಲಿತಾಂಶ ಬೇರೆ. ಮ್ಯಾಸಚೂಸೆಟ್ಸ್‌ನ ಹ್ಯಾಂಪ್‌ಡನ್ ಕೌಂಟಿಯಲ್ಲಿ 2011-12ರಲ್ಲಿ 7,500 ಕುಟುಂಬಗಳಿಗೆ, ಹಣ್ಣು ತರಕಾರಿಗೆ ಖರ್ಚು ಮಾಡಿದ ಪ್ರತಿ ಡಾಲರ್‌ಗೆ 30 ಸೆಂಟ್ ಮರಳಿಸಲಾಯಿತು. ಅವರು ಇತರರಿಗಿಂತ ಶೇ. 26ರಷ್ಟು ಹೆಚ್ಚು ಹಣ್ಣು ತರಕಾರಿ ತಿಂದರು.

ಹಾಗೆಂದು ಅಂಗಡಿ ಬೇಡ ಎನ್ನಲಾಗದು. ಅಂಗಡಿಯೇ ಇಲ್ಲದ ಕಡೆ ರಿಯಾಯಿತಿ ಚೀಟಿಯಿಂದ ಏನು ಪ್ರಯೋಜನ? ಬಸ್ಸಿನ ಖರ್ಚು ಮತ್ತು ಸಮಯದ ಉಳಿತಾಯ, ಸ್ಥಳೀಯರಿಗೆ ಕೆಲಸ, ಇವೂ ಲಾಭವೇ. ಎರಡೂ ಬಗೆಯ ನೆರವು ಜೊತೆಯಾಗಿ ಸಾಗಬೇಕು ಎಂಬುದೇ ಈ ಅನುಭವದ ಸಾರ.

ಅರ್ಜಿ ಹಾಕುವವರ ಗಮನಕ್ಕೆ

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ದಿನಸಿ ಅಂಗಡಿ ನಡೆಸುವವರೂ ಸೇವಾ ಸಂಸ್ಥೆಗಳಲ್ಲಿ ತೊಡಗಿರುವವರೂ ಇದ್ದಾರೆ. ಅಂಥವರು ಮೊದಲು ತಮ್ಮ ಪ್ರದೇಶ ಕೃಷಿ ಇಲಾಖೆಯ ನಕ್ಷೆಯಲ್ಲಿ ಯಾವ ವರ್ಗದಲ್ಲಿದೆ ಎಂದು ನೋಡಿಕೊಳ್ಳಬೇಕು. ಶೂಮಾಕರ್ ಯೋಜನೆಯ ರಿಯಾಯಿತಿ ಅನುದಾನ ಸರ್ಕಾರಿ ಮತ್ತು ಲಾಭರಹಿತ ಸಂಸ್ಥೆಗಳಿಗೆ ಮೀಸಲು; ಅಂಗಡಿಗಳು ಅವುಗಳ ಪಾಲುದಾರರಾಗಬಹುದು. ಹಲವು ಅನುದಾನಗಳಲ್ಲಿ ಮೊದಲು ಖರ್ಚು ಮಾಡಿ, ರಸೀದಿ ತೋರಿಸಿ, ನಂತರ ಹಣ ಪಡೆಯಬೇಕಾಗುತ್ತದೆ. ಕೈಯಲ್ಲಿ ಸ್ವಲ್ಪ ಬಂಡವಾಳ ಇರಲೇಬೇಕು. ಕೇಂದ್ರ ಸರ್ಕಾರದ ಅನುದಾನದ ಅರ್ಜಿಗೆ ಶುಲ್ಕವಿಲ್ಲ. ಹಣ ಕೊಟ್ಟರೆ ಮಂಜೂರು ಮಾಡಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಎಲ್ಲಕ್ಕಿಂತ ಮೊದಲು ಬಡಾವಣೆಯ ಜನರನ್ನು ಕೇಳಿ. ಅವರು ಯಾವ ತರಕಾರಿ ಬೇಯಿಸುತ್ತಾರೆ, ಎಷ್ಟು ಬೆಲೆ ಕೊಡಬಲ್ಲರು, ಎಷ್ಟು ಹೊತ್ತಿಗೆ ಕೆಲಸದಿಂದ ಮರಳುತ್ತಾರೆ ಎಂದು ತಿಳಿಯದೆ ತೆರೆದ ಅಂಗಡಿ, ಅನುದಾನ ಮುಗಿದ ಮೇಲೆ ಉಳಿಯುವುದು ಕಷ್ಟ.